ಎಚ್ಚರವೇ ಇದ್ದೆ

ಬಾಂಬೋಳಿಯ ಗುಡ್ಡದ ಮೇಲೆ ರಾತ್ರಿ ಮೂರು ಗಂಟೆ.
ಹನ್ನೊಂದನೇ ಹಾಸಿಗೆಯ ಯಮನಪ್ಪ ಉಸಿರನ್ನು
ಆಳದ ಬಾವಿಯಿಂದ ಕೊಡ ಸೇದಿದ ಹಾಗೆ
ಸೇದುತ್ತಿದ್ದ. ಬಾದಾಮಿ ಕಡೆಯವನು,
ವಾಸ್ಕೋ ಬಂದರಿನಲ್ಲಿ ಹಮಾಲಿ.
‘ಅಕ್ಕಾರ, ನಮ್ಮ ಮಾತು ಬರ್ತದ ನಿಮಗ,
ಇನ್ನ ಅಂಜಿಕಿಲ್ಲ ಬಿಡ್ರಿ’ ಅಂದಿದ್ದ ಸಂಜೆ.
ಅವನ ಅಂಜಿಕೆ ಆಗಲೇ ನನ್ನ ಕೈಗೆ ಬಂದಿತ್ತು,
ಒಬ್ಬ ಎಳೆದು ಇನ್ನೊಬ್ಬನಿಗೆ ಕೊಟ್ಟ ಬೀಡಿಯಂತೆ.

ವಾರ್ಡಿಗೆ ಬಂದು ಹದಿನೇಳು ದಿನ.
ಫೋನು ಹಿಡಿದು ನಿಂತಿದ್ದೆ. ಮಾಡಲೋ, ಬೇಡವೋ.
ಇಷ್ಟೂ ಗೊತ್ತಿಲ್ಲವೇ ಅಂದರೆ?
ಕನ್ನಡಕದ ಮೇಲಿಂದ ನೋಡಿದರು ಸಿಸ್ಟರ್ ಎಸ್ಪೆರಾನ್ಸಾ:
‘ಫೋನಿಗೆ ಹಲ್ಲಿಲ್ಲ ಮಗಾ, ಮಾಡು.’

ಎರಡನೇ ರಿಂಗಿಗೆ ಎತ್ತಿದರು ಕೇಂಕ್ರೆ ಮೇಡಂ.
ನಿದ್ದೆ ಕೆಡಿಸಿದೆ, ಕ್ಷಮಿಸಿ, ಅಂತ ನಾನು ಶುರುಮಾಡಿದರೆ
‘ಇಲ್ಲ ಇಲ್ಲ, ಎಚ್ಚರವೇ ಇದ್ದೆ. ಹೇಳು.’

ಬಂದರು. ಕುರ್ತಾ ತಿರುವುಮುರುವು,
ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ,
ಎಡಗೆನ್ನೆಯ ಮೇಲೆ ದಿಂಬಿನ ಆಳವಾದ ಗೆರೆ.

ಸೂಜಿಯನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ.
ಹಿಂದೆ ನಿಂತರು, ಅಷ್ಟೇ.
‘ಎಣಿಸು. ಎಲುಬಿನ ಮೇಲಂಚು. ಕೆಳಗಲ್ಲ.
ಅವಸರ ಯಾರಿಗೂ ಇಲ್ಲ, ಅವನಿಗೂ ಇಲ್ಲ’
ಅವನಿಗಿತ್ತು, ನಮ್ಮಿಬ್ಬರಿಗೂ ಗೊತ್ತಿತ್ತು.
ಕೊಳವೆಯಲ್ಲಿ ಇಳಿಯಿತು
ಒಣಹುಲ್ಲಿನ ಬಣ್ಣದ ನೀರು,
ಒಂದು ಬಾಟಲಿ, ಇನ್ನೂ ಅರ್ಧ.
ಯಮನಪ್ಪ ಕಣ್ಣು ತೆರೆದು ಬೈದ, ಯಾರನ್ನೋ, ತಾಯಿ ಹೆಸರೆತ್ತಿ.
ಬೈಯುವಷ್ಟು ಉಸಿರು! ಸಿಸ್ಟರ್ ನಕ್ಕುಬಿಟ್ಟರು.
ಬೆಳಗಿನ ಪೊದೇರನ ಹಾರ್ನು ಗುಡ್ಡ ಹತ್ತುವಾಗ
ವಾರ್ಡಿನ ಗುರುದಾಸ ವೆಳಿಪ ಬಿಸಿ ಪಾವು ತಂದ,
ಮುರಿದು, ದೊಡ್ಡ ತುಂಡು ನನಗೆ ಕೊಟ್ಟ.

ಇದೇನು ಸ್ವರ್ಗವಲ್ಲ. ಸ್ಟೈಪೆಂಡ್ ಮೂರು ತಿಂಗಳು ತಡ,
ಡ್ಯೂಟಿ ಕೋಣೆಯಲ್ಲಿ ನಾಲ್ವರಿಗೆ ಒಂದು ಮಂಚ, ಒಂದು ಹಲ್ಲಿ.
ಮುಟ್ಟದ ಹೊಟ್ಟೆಯನ್ನು ಮುಟ್ಟಿದೆನೆಂದು ಬರೆದ ದಿನ
ಮೇಡಂ ನನ್ನೊಡನೆ ಎರಡು ದಿನ ಮಾತಾಡಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.

ಆದರೆ ಆ ನವೆಂಬರ್.
ಇನ್ಸುಲಿನ್ ಹತ್ತು ಯೂನಿಟ್. ನನ್ನ ಗೀಚಿನಲ್ಲಿ
ಹತ್ತರ ಪಕ್ಕದ ‘ಯು’ ಬಾಯಿ ಮುಚ್ಚಿಕೊಂಡು
ಸೊನ್ನೆಯಾಗಿ ಕೂತಿತ್ತು. ನೂರು.
ಸಿರಿಂಜು ತುಂಬುವ ಮೊದಲು ಸಿಸ್ಟರ್ ಹಿಡಿದರು.
ಮರುದಿನ ಮೀಟಿಂಗಿನಲ್ಲಿ ನಾನು ನೆಲದ ಟೈಲು ಎಣಿಸುತ್ತಿದ್ದೆ.
ಮೇಡಂ ಎದ್ದು ನಿಂತರು:
‘ತಪ್ಪಿದ್ದು ನಮ್ಮ ಯೂನಿಟ್.
ಇನ್ನು ಮೇಲೆ ಯೂನಿಟ್ ಅಂತ ಪೂರ್ತಿ ಬರೆಯೋಣ.’
ಯಾರೂ ನನ್ನ ಕಡೆ ತಿರುಗಲಿಲ್ಲ.
ಆ ತಿರುಗದ ಕುತ್ತಿಗೆಗಳಿಗೆ ನಾನಿನ್ನೂ ಸಾಲಗಾರಳು.

ಬೇರೆ ಊರಿಗೆ ಸೀಟು ಸಿಕ್ಕ ನನ್ನ ಗೆಳತಿ ವಾಗ್ದೇವಿ
ನನಗಿಂತ ಜಾಣೆ. ಅವಳ ಕೈ ನಡುಗುತ್ತಿರಲಿಲ್ಲ.
ಅಲ್ಲಿ ಫೈಲು ಮುಖಕ್ಕೆ ಬಂದು ಬೀಳುತ್ತಿತ್ತಂತೆ,
ರಾತ್ರಿ ಫೋನಿಗೆ ಒಂದೇ ಉತ್ತರ: ನೀನೇಕಿದ್ದೀಯ ಮತ್ತೆ?
ಒಂದು ರಾತ್ರಿ ಅವಳು ಫೋನು ಮಾಡಲಿಲ್ಲ.
ಅದರ ಬಗ್ಗೆ ನನಗೆ ಒಂದೇ ಸಲ ಹೇಳಿದ್ದಾಳೆ.
ಈಗ ಇನ್ಶೂರೆನ್ಸ್ ಕಂಪನಿಯಲ್ಲಿ
ಬೇರೆಯವರು ನೋಡಿದ ರೋಗಿಗಳ ಬಿಲ್ಲು ನೋಡುತ್ತಾಳೆ.

ಏಳು ವರ್ಷ.
ಮೇಡಂ ನಿವೃತ್ತರಾಗಿ ಕಾಣಕೋಣದಲ್ಲಿ ಮೆಣಸು ಬೆಳೆಯುತ್ತಾರೆ.
ನಿನ್ನೆ ರಾತ್ರಿ ನಾನು ಕನಸಿನಲ್ಲಿ ಮಲಪ್ರಭೆಯ ನೀರಿನಲ್ಲಿ
ಮೊಣಕಾಲು ಮಟ್ಟ ನಿಂತಿದ್ದೆ, ಪಾದಕ್ಕೆ ಮೀನು ಕಚಗುಳಿ.
ಎರಡು ನಲವತ್ತಕ್ಕೆ ಜೋವಿಟಾ.
ಸಾರಿ ಮ್ಯಾಮ್, ನಿದ್ದೆ ಕೆಡಿಸಿದೆ, ಏಳನೇ ಹಾಸಿಗೆ—

‘ಇಲ್ಲ ಇಲ್ಲ’ ಅಂದೆ,
ನಾಲಿಗೆ ತಾನಾಗಿ ಹೊರಳಿತು,
ಕಾಲಿನ್ನೂ ನದಿಯಲ್ಲೇ ಇತ್ತು.

ಸ್ಕೂಟರಿನ ಕನ್ನಡಿಯಲ್ಲಿ ನೋಡಿದೆ:
ಕೆನ್ನೆಯ ಮೇಲೆ ಗೆರೆ.
ವಾರ್ಡಿನಲ್ಲಿ ಜೋವಿಟಾ ಅದನ್ನು ನೋಡಿದಳು,
ಒಂದು ಗಳಿಗೆ.
ಏನೂ ಅನ್ನದೆ ಸೂಜಿ ಕೈಗೆತ್ತಿಕೊಂಡು
ಎಲುಬು ಎಣಿಸತೊಡಗಿದಳು.
ನಾನು ಹಿಂದೆ ಹೋಗಿ ನಿಂತೆ.