ಹಿಂದುಗಡೆಯ ಸದ್ದು

ಮೊದಲು ಬ್ರೆಡ್ಡಿನ ಟ್ರೇಗಳೆಂದೇ ಅಂದುಕೊಂಡೆ.
ಬೆಳಗಿನ ನಾಲ್ಕಕ್ಕೆ, ಜಿಲಾಂಗಿನ ಉತ್ತರದ ಬೀದಿಗಳಲ್ಲಿ
ಪ್ರತಿ ಉಬ್ಬಿಗೂ ಒಂದು ಟಕ್,
ಪ್ರತಿ ತಿರುವಿಗೂ ಗಾಡಿಯ ಹಿಂಭಾಗ
ನನ್ನನ್ನು ಕೇಳದೆ ಒಂದು ಗೇಣು ಆಚೆ ಹೋಗಿ
ಆಮೇಲೆ ಏನೋ ನೆನಪಾದವರಂತೆ ವಾಪಸು ಬರುವುದು.
ಟ್ರೇಗಳನ್ನು ಇಳಿಸಿದೆ. ಸದ್ದು ಇಳಿಯಲಿಲ್ಲ.

ಪಕ್ಕದ ಮನೆಯ ಜ್ವೊಂಕೊ ಬೇಲಿಯಾಚೆಯಿಂದ ಕೇಳಿಸಿಕೊಂಡ.
ಇದೇ ಊರಿನ ಫೋರ್ಡ್ ಎರಕದ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಕಿವುಡಾಗುತ್ತ ದುಡಿದವನು;
ಮನುಷ್ಯರ ಮಾತು ಅರ್ಧ ಕೇಳಿಸದು, ಗಾಡಿಯದು ಪೂರ್ತಿ ಕೇಳಿಸುತ್ತದೆ.
"ಬುಷ್," ಅಂದ. "ಕಮಾನು ಪಟ್ಟಿಯ ಕಿವಿಯೊಳಗಿನ ರಬ್ಬರು.
ಎಂಬತ್ತೇಳರ ಫಾಲ್ಕನ್ ವ್ಯಾಗನ್ನು. ನಿನ್ನ ಮದುವೆಗಿಂತ ಹಳೆಯದು."
ನನ್ನ ಮದುವೆ ಎಷ್ಟು ಹಳೆಯದು, ಯಾವಾಗ ಮುಗಿಯಿತು
ಎಂಬುದನ್ನು ನಾನು ಹೇಳಲಿಲ್ಲ.

ಕೆಂಪು ಪಾಲಿಯುರೆಥೇನ್ ತರಿಸಿದೆ, ನೂರಾ ನಲವತ್ತು ಡಾಲರು,
ಕೇರಂ ಸ್ಟ್ರೈಕರಿನಷ್ಟು ನುಣುಪು, ಜೊತೆಗೊಂದು ಟ್ಯೂಬು ಗ್ರೀಸು.
ಶನಿವಾರವಿಡೀ ಗಾಡಿಯಡಿ ಅಂಗಾತ.
ಅವನ ಕೈ ಈಗ ನಡುಗುತ್ತದೆ; ಹಾಗಾಗಿ ಬಾಯಿ ಅವನದು, ಕೈ ನನ್ನದು.
ಕಡಲ ಗಾಳಿ ತಿಂದ ಬೋಲ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ.
ಎಣ್ಣೆ ಬಿಟ್ಟು, ಕಾದು, ಮತ್ತೆ ಬಿಟ್ಟು,
ಸ್ಪ್ಯಾನರಿಗೆ ಉದ್ದ ಕೊಳವೆ ಸಿಕ್ಕಿಸಿ ಜೋತುಬಿದ್ದೆ.
ಅದು ಬಿಟ್ಟುಕೊಟ್ಟಾಗ ಹೊರಟ ಕೂಗಿಗೆ
ಎದುರುಮನೆಯ ನಾಯಿ ಉತ್ತರ ಕೊಟ್ಟಿತು.

ಹಳೆಯ ರಬ್ಬರು ಇಡಿಯಾಗಿ ಬರಲಿಲ್ಲ, ಚೂರು ಚೂರಾಗಿ ಬಂತು.
ಡ್ರಿಲ್ಲಿನಿಂದ ಕೊರೆದು, ಗರಗಸದ ಅಲಗಿನಿಂದ ಉಕ್ಕಿನ ಬಳೆ ಸೀಳಿ,
ಉದ್ದ ತಿರುಪು, ನಟ್ಟು, ಸಾಕೆಟ್ಟು ಜೋಡಿಸಿ
ಕಾಲಂಗುಲ ಕಾಲಂಗುಲ ಎಳೆದೆ.
ಒಂದು ಮಗ್ಗುಲಲ್ಲಿ ಸವೆದು ಉಳಿದದ್ದು
ಅಮಾವಾಸ್ಯೆ ಹತ್ತಿರದ ಚಂದ್ರನ ಗೀರು.
(ನನ್ನ ಮೊಣಕಾಲಿಗೆ ಹೋಲಿಸಬಹುದಿತ್ತು.
ಆ ಬಿಡಿಭಾಗಕ್ಕೆ ಹದಿನಾಲ್ಕು ತಿಂಗಳ ಸರದಿಯಂತೆ. ಬೇಡ.)

ಹೊಸದನ್ನು ಎರಡೂ ಕಡೆಯಿಂದ ಅರ್ಧರ್ಧ,
ಗ್ರೀಸು ಬಳಿದು ಒತ್ತಿದರೆ
ಹೆಬ್ಬೆರಳಿಗೇ ಒಳಗೆ ಸರಿಯಿತು.
ಇಷ್ಟೇನಾ ಅನ್ನಿಸಿತು. ಕೂಡಿಟ್ಟ ಬೈಗುಳವೆಲ್ಲ ಹಾಗೇ ಉಳಿಯಿತು.

ಬಿಗಿಯಲು ಹೊರಟೆ. "ನಿಲ್ಲು!" ಅಂದ ಜ್ವೊಂಕೊ.
"ಗಾಳಿಯಲ್ಲಿ ನೇತಾಡುವಾಗ ಬಿಗಿದರೆ
ನೆಲಕ್ಕಿಳಿದ ಗಳಿಗೆಯಿಂದಲೇ ಅದು ತಿರುಚಿಕೊಂಡಿರುತ್ತದೆ.
ಹೊರೆ ಹೊತ್ತಿರುವಾಗ ಬಿಗಿ."
ಈ ಹೊಸ ಬಗೆಗೆ ಅದು ಅಷ್ಟೇನೂ ಬೇಡವಂತೆ,
ಪೊಟ್ಟಣದ ಚೀಟಿಯಲ್ಲಿದೆ, ಎಂದು ಕೂಗಿ ಹೇಳಿದೆ.
ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ಓದಿ
ಮಡಿಸಿ ಜೇಬಿಗಿಟ್ಟ. "ಚೀಟಿ ಬರೆದವನ ಗಾಡಿಯಲ್ಲ ಇದು."

ಭಾನುವಾರ ಚಕ್ರಗಳನ್ನು ರ‍್ಯಾಂಪಿನ ಮೇಲಿಳಿಸಿದೆವು. ಬ್ರೆಡ್ಡಿಲ್ಲ.
ಹಿಟ್ಟಿನ ಎರಡು ಮೂಟೆ ಏರಿಸಿದೆ. ಸಾಲದು, ಅಂದ.
ಹೆಂಡತಿ ಲ್ಯೆರ್ಕಾಳನ್ನು ಕರೆದ.
ಅವಳು ಏಪ್ರನ್ನಿನಲ್ಲೇ ಬಂದು ಹಿಂಬಾಗಿಲಿಂದ ಹತ್ತಿ
ಮೂಟೆಗೊರಗಿ, ಪಟ್ಟದ ಗೊಂಬೆಯ ಹಾಗೆ,
ಕಿತ್ತಳೆ ಸುಲಿಯುತ್ತ ಕೂತಳು.
"ಗಾಡಿ ಎಷ್ಟು ಇಳಿಯಿತೆಂದು ಇವನಿಗೆ ಹೇಳಬೇಡ."
ಕೆಳಗೆ ನಾನು. ಟಾರ್ಕ್ ರೆಂಚು ಕಟಕ್ ಅಂದಿತು,
ಒಂದು, ಎರಡು, ಆರರವರೆಗೆ.
ನೆಲದ ತುಕ್ಕಿನ ತೂತಿನಿಂದ
ಸಿಪ್ಪೆಯ ಘಮ ನನ್ನ ಮುಖಕ್ಕಿಳಿಯಿತು.

ಸೋಮವಾರ, ನಾಲ್ಕು ಗಂಟೆ. ನಾರ್ಲೇನಿನ ಆ ಉಬ್ಬು ದಾಟಿದೆ.
ಟಕ್ ಇಲ್ಲ. ವೃತ್ತದಲ್ಲಿ ಹಿಂಭಾಗ
ನಾನು ಹೇಳಿದ ಕಡೆಗೇ, ಹೇಳಿದಾಗಲೇ ಬಂತು.
ರಸ್ತೆ ತುಸು ಗಡುಸಾಗಿದೆ, ಒಂದೊಂದು ಹರಳೂ
ಸೊಂಟಕ್ಕೆ ತನ್ನ ಹೆಸರು ಹೇಳುತ್ತದೆ. ಇರಲಿ.
ಮೂರನೆಯ ಅಂಗಡಿಯ ಹತ್ತಿರ, ಆ ಮೌನದೊಳಗೆ,
ಮುಂದುಗಡೆ, ಎಡಕ್ಕೆ, ಸಣ್ಣಗೆ,
ಬಸಿಯ ಮೇಲೆ ಚಮಚ ಇಟ್ಟಂಥ ಸದ್ದು.
ಎಷ್ಟು ದಿನದಿಂದ ಇತ್ತೋ.

ಮನೆಗೆ ಬಂದಾಗ ಜ್ವೊಂಕೊ ಬೇಲಿಯ ಬಳಿ ನಿಂತಿದ್ದ,
ತಲೆ ಒಂದು ಕಡೆಗೆ ವಾಲಿಸಿ,
ಆಗಲೇ ಕೇಳಿಸಿಕೊಂಡು.