ತೊಲೆಯ ಮೇಲಿನ ಹತ್ತಿ

ಮಂಡಕ್ಕಿ ಭಟ್ಟಿಗಳ ಹೊಗೆ ದಾಟಿ ಎಡಕ್ಕೆ ಹೊರಳಿದರೆ
ನಮ್ಮ ಪಿಂಜಾರರ ಜಮಾತಿನ ಕೋಣೆ.
ಹೆಂಚು ಹನ್ನೊಂದು ಕಡೆ ಸೋರುತ್ತದೆ, ನಾನೇ ಎಣಿಸಿದ್ದೇನೆ;
ಬೀಗದ ಕೈ ಇರುವುದು ನನ್ನ ಅಂಗಡಿಯಲ್ಲಿ,
ಫೋಮ್ ಗಾದಿಗಳ ಬಿಲ್ ಬುಕ್ಕಿನ ಪಕ್ಕ.

ಒಳಗೆ ಮೊಳೆಗೆ ತೂಗಿದೆ ಹುಸೇನಪ್ಪಜ್ಜನ ಬಿಲ್ಲು,
ಆಳುದ್ದ, ನರ ಹರಿದು ಎಷ್ಟೋ ವರ್ಷ.
ಮಕ್ಕಳು ಕೇಳುತ್ತಾರೆ: ಯಾವ ಯುದ್ಧದ್ದು ಇದು?
ಚಳಿಯ ಮೇಲಿನದು, ಅನ್ನುತ್ತೇನೆ.

ಕಪಾಟಿನಲ್ಲಿ ಕೆಂಪು ರಟ್ಟಿನ ಲೆಕ್ಕದ ಪುಸ್ತಕ.
ನಮಾಜು ಅರಬ್ಬಿಯಲ್ಲಿ, ಸಾಲ ಬೈಗುಳ ಜೋಗುಳ ಕನ್ನಡದಲ್ಲಿ,
ಅದು ನಮ್ಮ ರೀತಿ:
ಅರಳೆ ಆರು ಸೇರು, ಶೆಟ್ಟರ ಸೊಸೆಯ ಬಾಣಂತನಕ್ಕೆ.
ನಾಲ್ಕು ಸೇರು, ಮಿಲ್ಲಿನ ಮೇಸ್ತ್ರಿಯ ಮಗಳ ಮದುವೆ,
ಬಾಕಿ ಎರಡು ರೂಪಾಯಿ.
ಒಂದೂವರೆ ಸೇರು, ಹಳೇ ಹತ್ತಿ, ಮಠದ ದಿಂಬು,
ದುಡ್ಡು ಕೇಳಿಲ್ಲ.

ಮಿಲ್ಲು ಮುಚ್ಚಿತು. ಅದರ ಸೈರನ್ನಿಗೆ ಏಳುತ್ತಿದ್ದವರೂ
ಒಬ್ಬೊಬ್ಬರೇ ಏಳದಾದರು.
ಎರಡು ರೂಪಾಯಿ ಬಾಕಿ ಇನ್ನೂ ಹಾಗೇ ಇದೆ.

ಕೆಡವೋಣ, ಅಂದ ಸಭೆಯಲ್ಲಿ ಮೌಲಾಲಿ.
ಕೆಳಗೆ ನಾಲ್ಕು ಮಳಿಗೆ, ಮೇಲೆ ಶಾದಿಮಹಲು.
ತಪ್ಪೇನಲ್ಲ ಅವನದು;
ಮಗಳ ನಿಖಾಕ್ಕೆ ಪರರ ಹಾಲಿಗೆ ಅರವತ್ತು ಸಾವಿರ ಕಟ್ಟಿದವ,
ಆ ರಸೀದಿ ಇನ್ನೂ ಜೇಬಿನಲ್ಲಿದೆ.
ಹೊಸಿಲಲ್ಲಿ ಕೂತಿದ್ದ ಮಾಬಮ್ಮ
ಹೌದೆನ್ನಲಿಲ್ಲ, ಬೇಡವೆನ್ನಲಿಲ್ಲ,
ಹಲ್ಲಿಲ್ಲದ ಬಾಯಿಂದ
ಟುಂಯ್, ಅಂದಳು. ಟುಂಯ್ ಟುಂಯ್ ಧಬಕ್.
ಗಂಡ ಓಣಿಗೆ ಬಂದನೆಂದು
ಅವಳಿಗೆ ತಿಳಿಯುತ್ತಿದ್ದದ್ದು ಹಾಗೆ.
ಯಾರೂ ನಗಲಿಲ್ಲ. ಠರಾವೂ ಆಗಲಿಲ್ಲ.
ಚಹಾ ಕುಡಿದು ಎದ್ದೆವು.

ರಂಜಾನಿಗೆ ಮುಂಚೆ ಸುಣ್ಣ ಬಳಿಯಲು ಬಂದ ತಿಪ್ಪೇಶಿ
ಏಣಿ ಮೇಲಿಂದ ಕೂಗಿದ:
ತೊಲೆ ಮೇಲೆ ಗೇಣುದ್ದ ಬೂಜು ಕೂತೈತಲ್ರೀ, ಬಡೀಲಾ?
ಬೇಡ ಮಾರಾಯ, ಅದು ಬೂಜಲ್ಲ.
ಅಜ್ಜ ಹಿಂಜುವಾಗ ಹಾರಿದ್ದು,
ನಲವತ್ತು ವರ್ಷ ಆಯ್ತು, ಇನ್ನೂ ಕೆಳಗಿಳಿದಿಲ್ಲ.
ಗೋಡೆಗಷ್ಟೇ ಬಳಿ.

ಸಂಜೆ ಅವನು ಏಣಿ ಮಡಚಿ ಸೀನಿ
ಸೈಕಲ್ಲು ಹತ್ತಿದಾಗ
ಮೀಸೆಗೆ ಒಂದು ಬಿಳಿ ಎಳೆ ಅಂಟಿತ್ತು.
ನಾನು ಹೇಳಲಿಲ್ಲ.
ಹೋಗಲಿ, ಊರೊಳಗೆ ಒಂದು ಸುತ್ತು.