ಮೂರು ಸೆಕೆಂಡಿನ ಅಸ್ತರು

ಮಂಗಲಪೇಟದ ಎಸ್ತೇರ್ ಪೋರಿ
ಮೊಬೈಲ್ ಮುಂದಿಟ್ಟು ಬೆರಳಿಲೆ ಸಿನಿಮಾ ನಿಂದರಿಸಿದಳು:
"ಇಲ್ಲಿ. ಈಗ ನೋಡ್ರಿ ಮಾಮಾ."
ಇಸವಿ ಎರಡು ಸಾವಿರದ ಎರಡು ನೂರಾ ಹನ್ನೊಂದಂತ,
ಚಂದ್ರನ ಹಿಂದ ಯಾವದೋ ಗಣಿಯಂತ,
ಒಬ್ಬಾಕಿ ಜಾಕೀಟು ಬಿಚ್ಚಿ
ಥಂಡಿ ಹತ್ತಿದ ಸಸಿಗೆ ಹೊಚ್ಚತಾಳ.
ಮೂರೇ ಸೆಕೆಂಡು.
ಅಷ್ಟರಾಗ ಅಸ್ತರು ಕಾಣತದ.

ಹೊರಗಿಂದು ನನಗ ತ್ರಾಸಿಲ್ಲ.
ನಲವತ್ತು ವರ್ಷ ಶೇರವಾನಿ ಹೊಲದ ಕೈ.
ಓರೆ ಕೊರಳು, ಒಂದೇ ಭುಜದ ಮ್ಯಾಲ ಪಟ್ಟಿ,
ಗುಂಡಿ ಕಾಣದಂಗ ಮುಚ್ಚೋ ಎದಿ,
ಮೊಣಕೈಗೆ ಆರು ಮಡಿಕಿ,
ಒಲಿ ಆರಿದ ಮ್ಯಾಲಿನ ಬೂದಿ ಬಣ್ಣ,
ಅದೆಲ್ಲ ಒಂದು ಸಂಜಿ ಕೆಲಸ.

ಅಸ್ತರೇ ಬಗಿಹರೀವಲ್ತು.
ಬಿಳೇದು ಖರೆ, ಬಿಳೇದಲ್ಲ.
ಸಣ್ಣ ಸಣ್ಣ ಚೌಕ, ನೇಯ್ದ ಗೆರಿಯೋ ಒತ್ತಿದ ಗೆರಿಯೋ,
ಬೆಳಕು ಬಿದ್ದಲ್ಲಿ ಮೀನ ಹೊಟ್ಟಿ ಹಂಗ ಹೊಳೀತದ.
"ಯಾರು ನೋಡತಾರವ್ವ ಒಳಗಿಂದು?" ಅಂದೆ.
"ನಾ ಹಾಕ್ಕೊಂಡಾಗ ನನಗ ಗೊತ್ತಿರತದಲ್ರಿ" ಅಂದಳು.
ಇದಕ್ಕ ದರ್ಜಿ ಏನು ಜವಾಬು ಕೊಡಬೇಕು?

ಹುಡುಕಿದಿವಿ.
ಛತ್ರಿ ಬಟ್ಟಿ ತಂದೆ, ಭಾಳ ತೆಳ್ಳಗಾತು.
ಕಾರಿನ ಗಾಜಿಗೆ ಹಚ್ಚೋ ಬೆಳ್ಳಿ ಹಾಳಿ
ಕುಂತರ ಪರಾ ಪರಾ ಅಂತದ, ಹಪ್ಪಳ ಮುರದಂಗ.
ಉಸ್ಮಾನಗಂಜದ ಸೇಟ ಸಾಟಿನ್ ಬಿಚ್ಚಿ ಬಿಚ್ಚಿ ಹಾಕಿದ,
"ಇದು ಮದಲಗಿತ್ತಿದು" ಅಂತ ಪೋರಿ ಮುಖ ತಿರುವಿದಳು.
ಹೈದರಾಬಾದಿಗೂ ಬಸ್ ಹತ್ತಿ ಹೋಗಿಬಂದಳು,
ಖಾಲಿ ಕೈ. ಖಾಲಿ ಅಂದರ,
ನನಗ ಬಿಸ್ಕೀಟು ತಂದಿದ್ದಳು.

ಹದಿನಾರನೇ ದಿನ
ಅಟ್ಟದ ಟ್ರಂಕಿನಾಗ ಇಲಿ ಹೊಕ್ಕಾವಂತ ಇಂದುಬಾಯಿ ಒದರಿದಳು.
ಇಲಿ ಇರಲಿಲ್ಲ. ತಳಕ್ಕ ಅವ್ವನ ಪರಕಾರ.
ಎಪ್ಪತ್ತರ ಸುಮಾರು
ವಿಮಾನದವರು ಹರದ ಪ್ಯಾರಾಶೂಟ್ ಹರಾಜು ಹಾಕಿದಾಗ
ಅಪ್ಪ ಗುಜರಿಯಿಂದ ತೂಕದ ಲೆಕ್ಕದಾಗ ತಂದಿದ್ದ,
ಅವ್ವ ಪರಕಾರ ಹೊಲಕೊಂಡಳು.
ನಡದರ ಸರ್ ಸರ್.
ಆಕಿ ಓಣಿ ತುದಿಗಿದ್ದಾಗಲೇ ನಾವು ಪುಸ್ತಕ ತೆರೀತಿದ್ದಿವಿ.
ಬಾಜೂ ಮನಿ ಹೆಂಗಸರು ನಗತಿದ್ರು:
"ಗಾಳಿ ಬಂದರ ಹುಷಾರ, ಹಾರೀ ಮತ್ತ!"
ಹಾರಲಿಲ್ಲ. ನೆಲಕ್ಕ ಕುಂತು ಕಾಜ ಹೊಲದಳು, ಕಡೀತನಕ.

ನೆರಿಗಿ ಬಿಡಿಸಿ ದೀಪಕ್ಕ ಹಿಡದೆ.
ಸಣ್ಣ ಸಣ್ಣ ಚೌಕ.
ಮೀನ ಹೊಟ್ಟಿ.
ಒಂದು ಮೂಲ್ಯಾಗ ಮಾಸಿದ ನಂಬರು,
ಯಾರದೋ ಜೀವಕ್ಕ ಜಾಮೀನು ನಿಂತಿದ್ದು.
ಎರಡು ನೂರು ವರ್ಷ ಮುಂದಿನ ಬಟ್ಟಿ
ಐವತ್ತು ವರ್ಷದಿಂದ ನಮ್ಮ ಅಟ್ಟದ ಮ್ಯಾಲ
ಡಾಂಬರ ಗುಳಿಗಿ ವಾಸನಿ ಕುಡ್ಕೋತ ಕುಂತಿತ್ತು.

ಎರಡು ದಿನ ಕತ್ರಿ ಕೈಗೆ ಬರಲಿಲ್ಲ.
ಇಂದುಬಾಯಿ ಅಂದಳು: "ಅತ್ತಿ ಇದ್ದಿದ್ರ
ಪೈಲೇ ತಾವೇ ಕತ್ರಸತಿದ್ರು,
ಮ್ಯಾಲ ಮಜೂರಿ ಕೇಳತಿದ್ರು."
ಹಾಕಿದೆ.
ಇಸ್ತ್ರಿ ಮುಟ್ಟಿಸಿದರ ಕರಗತದ, ಉಗುರಿಲೆ ಮಡಿಕಿ ತೀಡಿದೆ.
ಹನ್ನೊಂದನೇ ನಂಬರ ಸೂಜಿ. ಬಟ್ಟಿ ಜಾರತದ, ಮಶೀನು ಕೆಮ್ಮತದ,
ರಾತ್ರಿ ಕರೆಂಟು ಹೋದಾಗ ಕೈಲೆ ಹೊಲದೆ.
ಒಳಗ ಎಡಕ್ಕ ಒಂದು ಕಿಸೆ ಬೇಕಂದಿದ್ದಳು, ಸಿನಿಮಾದಾಗ ಅದ.
ಅದರಾಗ ಏನಿಡತಾಳ ಆಕಿ?
"ತೋರಸಿಲ್ಲ ಮಾಮಾ."

ಬೀದರದ ಬ್ಯಾಸಿಗಿ ಮಧ್ಯಾಹ್ನ,
ರಸ್ತಾದ ಡಾಂಬರು ಚಪ್ಪಲಿಗೆ ಅಂಟೋ ಹೊತ್ತು,
ಎಸ್ತೇರ್ ಕೊರಳತನಕ ಮುಚ್ಚಿ
ಕನ್ನಡಿ ಮುಂದ ನಿಂತಳು. ಕಣ್ಣು ಮುಚ್ಚಿದ್ದಳು.
ಕೈ ಎತ್ತಿದಳು, ಇಳಿಸಿದಳು.
ಸರ್ ಸರ್.
ನಾ ಗಡಬಡಿಸಿ ಬಿಲ್ ಬುಕ್ ತೆರದೆ.

ಒಂದು ಮಾತು, ಆಕಿಗೆ ಹೇಳಬ್ಯಾಡ್ರಿ.
ಬಟ್ಟಿ ನಾಕು ಬೆರಳು ಕಡಿಮಿ ಬಿತ್ತು.
ಬಲಗಡೆ ಕಂಕಳದಾಗ, ಎರಡು ಹೊಲಗಿ ನಡುವ,
ನನ್ನ ಹಳೇ ಅಂಗಿ ಪಾಪಲಿನ್ ಅದ,
ಬೆವರು ಹೀರೋ ಅಂಥಾದ್ದು.